ರೊಟ್ಟಿ ಎದ್ಯಾಗ ಸಿಕ್ಕಾಗ: ಅನ್ನನಾಳದ ಆಪರೇಷನ್ನಿನ ಕಥೆ

"ಯಾಕೋ ರೊಟ್ಟಿ ಎದ್ಯಾಗ ನಿಂತಂಗ ಆಗ್ತೈತಿ."

ಈ ಮಾತು ನಿಮ್ಮ ಮನ್ಯಾಗ ಯಾರರ ಆಡಿದ್ದು ನೆನಪೈತೇನ್ರಿ? ಮೊದಲು ಖಡಕ್ ರೊಟ್ಟಿ ಬಿಡ್ತಾರ. ಆಮ್ಯಾಲ ಬಿಸಿ ರೊಟ್ಟಿ ಹಾಲಾಗ ಮುರದು ನೆನಸ್ತಾರ. ಆಮ್ಯಾಲ ನುಚ್ಚು, ಕಡೀಕ ಬರೇ ಅಂಬಲಿ. "ವಯಸ್ಸಾತು, ಪಿತ್ತ ಆಗೇತಿ" ಅಂತ ಉಳಿದವರು ಸುಮ್ಮನಿರ್ತಾರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಅನ್ನನಾಳದ ಕ್ಯಾನ್ಸರ್ ಡಾಕ್ಟರಿಗಿಂತ ಮೊದಲು ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕಣ್ಣಿಗೇ ಬೀಳುತ್ತದೆ.

ಈ ರೋಗದ ಆಪರೇಷನ್ ಬಹಳ ಕಾಲ ಯಾರ ಕೈಗೂ ದಕ್ಕಲಿಲ್ಲ. ಅನ್ನನಾಳ ಇರೋದು ಹೃದಯದ ಹಿಂದೆ, ಬೆನ್ನೆಲುಬಿನ ಮುಂದೆ. ಅಲ್ಲಿಗೆ ಹೋಗಲು ಎದೆ ತೆರೆದರೆ ಶ್ವಾಸಕೋಶ ಕುಸಿಯುತ್ತಿತ್ತು. ಶ್ವಾಸನಾಳಕ್ಕೆ ನಳಿಕೆ ಇಳಿಸಿ ಗಾಳಿ ಊದುತ್ತಾ ಅರಿವಳಿಕೆ ಕೊಡುವ ವಿದ್ಯೆ ಬಂದ ಮೇಲೆ, 1913ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೊರೆಕ್ 67 ವರ್ಷದ ಒಬ್ಬ ಹೆಣ್ಣುಮಗಳ ಎದೆಯಿಂದ ಗಡ್ಡೆ ಸಮೇತ ಅನ್ನನಾಳ ತೆಗೆದರು. ತುಂಡಾದ ದಾರಿಯನ್ನು ಒಳಗೆ ಜೋಡಿಸಲಿಲ್ಲ. ಕುತ್ತಿಗೆಯಲ್ಲೊಂದು ತೂತು, ಹೊಟ್ಟೆಯಲ್ಲೊಂದು ತೂತು, ನಡುವೆ ಮೈಮೇಲೆ ರಬ್ಬರ್ ನಳಿಕೆ. ಆಕೆ ಅದರಿಂದಲೇ ಉಂಡು ಸುಮಾರು 13 ವರ್ಷ ಬದುಕಿದಳು! 1933ರಲ್ಲಿ ಜಪಾನಿನ ಒಸಾವಾ ಜಠರವನ್ನೇ ಎದೆಯೊಳಗೆ ಎಳೆದು ಜೋಡಿಸಿದ್ದನ್ನು ವರದಿ ಮಾಡಿದರು. 1946ರಲ್ಲಿ ಐವರ್ ಲೂಯಿಸ್ ಹೇಳಿದ, ಹೊಟ್ಟೆ ಮತ್ತು ಬಲ ಎದೆ ಎರಡೂ ಕಡೆಯಿಂದ ಮಾಡುವ ಪದ್ಧತಿಗೆ ಇವತ್ತಿಗೂ ಅವರದೇ ಹೆಸರು.

ಹಂಗಂತ ಜನ ಉಳಿದರೇನು? 1980ರಲ್ಲಿ ಅರ್ಲಮ್ ಮತ್ತು ಕುನ್ಹಾ-ಮೆಲೊ ಎಂಬ ಸರ್ಜನ್‌ರು 122 ವರದಿಗಳನ್ನು ಕೂಡಿಸಿ ಲೆಕ್ಕ ಹಾಕಿದರು. 100 ರೋಗಿಗಳಲ್ಲಿ ಗಡ್ಡೆ ತೆಗೆಯಲು ಆಗುತ್ತಿದ್ದದ್ದು 39 ಜನಕ್ಕೆ. ಅವರಲ್ಲಿ 13 ಜನ ದವಾಖಾನೆಯಲ್ಲೇ ತೀರಿಕೊಳ್ಳುತ್ತಿದ್ದರು. ಐದು ವರ್ಷ ದಾಟುತ್ತಿದ್ದವರು ನಾಲ್ಕೇ ಜನ. ಓದಿದರೆ ಎದೆ ಝಲ್ ಅನ್ನುತ್ತದೆ.

ಆಮೇಲೆ ಆಪರೇಷನ್ ನಂತರದ ಸಾವು ಇಳಿಯುತ್ತಾ ಬಂತು: 1990ರ ಒಂದು ಸಮೀಕ್ಷೆಯಲ್ಲಿ 13%, 2004ರ ಇನ್ನೊಂದರಲ್ಲಿ 7%ಕ್ಕಿಂತ ಕಡಿಮೆ. ಅರಿವಳಿಕೆ, ಐಸಿಯು, ಕರುಳಿಗೆ ನೇರ ಆಹಾರ ಎಲ್ಲಾ ಕಾರಣವೇ. ಆದರೆ ನನಗೆ ದೊಡ್ಡದಾಗಿ ಕಾಣೋದು ಕೈಪಳಗು. 2002ರಲ್ಲಿ ಅಮೆರಿಕದ ಹಿರಿಯ ನಾಗರಿಕರ ದಾಖಲೆ ನೋಡಿದಾಗ, ವರ್ಷಕ್ಕೆ ಎರಡೂ ಮಾಡದ ಆಸ್ಪತ್ರೆಗಳಲ್ಲಿ ಈ ಆಪರೇಷನ್ನಿನ ಸಾವು ಸುಮಾರು 20%, 19ಕ್ಕಿಂತ ಹೆಚ್ಚು ಮಾಡುವಲ್ಲಿ ಸುಮಾರು 8%. ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ ಡಾ. ಪಳನಿವೇಲು ತಂಡ ರೋಗಿಯನ್ನು ಬೋರಲು ಮಲಗಿಸಿ, ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡಿದ 130 ಆಪರೇಷನ್‌ಗಳಲ್ಲಿ ಇಬ್ಬರು ತೀರಿಕೊಂಡರೆಂದು 2006ರಲ್ಲಿ ವರದಿ ಮಾಡಿತು.

ಅಂದ್ರ ಎಲ್ಲಿಗೆ ಹೋಗ್ತೀವಿ ಅನ್ನೋದು ನಮಗೆ ಜೀವದ ಪ್ರಶ್ನೆ. ಜಮಖಂಡಿ, ಸಾಂಗಲಿ, ಮಿರಜ ಮೂರೂ ಪಟವರ್ಧನರ ಸಂಸ್ಥಾನಗಳು, ರಬಕವಿ ಸಾಂಗಲಿಗೆ ಸೇರಿತ್ತು. ಮಿರಜದಲ್ಲಿ ಡಾ. ವಾನ್ಲೆಸ್ 1890ರ ದಶಕದಲ್ಲೇ ಮಿಷನ್ ದವಾಖಾನೆ ಕಟ್ಟಿದ್ದರು. ಈಗಲೂ ದೊಡ್ಡ ರೋಗ ಅಂದ್ರ ನಮ್ಮ ಮಂದಿ ಬಾಯಾಗ ಮೊದಲು ಬರೋದು ಮಿರಜ! ಮುಂಬಯಿಯ ಟಾಟಾ 1941ರಲ್ಲಿ, ಬೆಂಗಳೂರಿನ ಕಿದ್ವಾಯಿ 1973ರಲ್ಲಿ ಬಂದವು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ದವಾಖಾನೆ ಇನ್ನೂ ಹತ್ತಿರ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಮುಂದೆ ನಮ್ಮ ಬೆಳಗಾವಿ ವಿಭಾಗಕ್ಕೂ ಬಂದು, ಬಿಪಿಎಲ್ ಕಾರ್ಡಿನವರಿಗೆ ಕ್ಯಾನ್ಸರ್ ಚಿಕಿತ್ಸೆಯ ಖರ್ಚು ಹಗುರ ಮಾಡಿತು.

ಈಗ ಬರೇ ಕತ್ತರಿಯಿಂದ ಮುಗಿಯುವುದಿಲ್ಲ. ಮೊದಲು ಕಿಮೋ, ರೇಡಿಯೇಷನ್ ಕೊಟ್ಟು ಆಮೇಲೆ ಆಪರೇಷನ್ ಮಾಡಿದರೆ ಅರ್ಧದಷ್ಟು ರೋಗಿಗಳು 49 ತಿಂಗಳು ದಾಟಿದರು, ಬರೇ ಆಪರೇಷನ್ ಆದವರಲ್ಲಿ 24 ತಿಂಗಳು: ಇದು 2012ರಲ್ಲಿ ಪ್ರಕಟವಾದ ಡಚ್ ಅಧ್ಯಯನ. ಆದರೆ ಅಂಬಲಿಯೂ ಇಳಿಯದ ಹೊತ್ತಿಗೆ ಹೋದರೆ ಎಷ್ಟೋ ಸಲ ಉಳಿಯುವುದು ನುಂಗಲು ಒಂದು ಸ್ಟೆಂಟ್ ಅಷ್ಟೇ. ಸುಣ್ಣ-ತಂಬಾಕು, ಬೀಡಿ, ಸೆರೆಯ ರೂಢಿ ಇದ್ದವರು ರೊಟ್ಟಿ ನೆನಸಾಕ ಹತ್ತಿದ್ರ, ಪಿತ್ತದ ಗುಳಿಗಿ ಕೊಟ್ಟು ತಿಂಗಳು ಕಾಯಬ್ಯಾಡ್ರಿ, ಎಂಡೋಸ್ಕೋಪಿ ಮಾಡಸ್ರಿ.

ನಿಮ್ಮ ಅಜ್ಜ-ಅಮ್ಮ ಮಿರಜ ದವಾಖಾನಿಗೆ ಹೋದ ಕಥೆ ಇದ್ರ ಕಮೆಂಟಿನ್ಯಾಗ ಬರೀರಿ. ಮುಂದಿನ ಕಂತು ಅದರ ಮ್ಯಾಲೇ.

#ಜಮಖಂಡಿ #ಮುಧೋಳ #ಬೀಳಗಿ #ರಬಕವಿಬನಹಟ್ಟಿ #ನಮ್ಮೂರಇತಿಹಾಸ