ಆನೆಲಾಯದ ಹುಡುಗ, ಬಾಗ್ದಾದಿನ ಕಳ್ಳ

ಲಷ್ಕರ್ ಮೊಹಲ್ಲಾದ ಯಾವುದೇ ಮನೆಯ ಮಕ್ಕಳನ್ನು ಕೇಳಿ ನೋಡಿ, ಅಲ್ಲಾವುದ್ದೀನನ ಕೋತಿಯ ಹೆಸರು 'ಅಬು' ಎಂದು ಥಟ್ಟನೆ ಹೇಳುತ್ತಾರೆ. 1992ರಲ್ಲಿ ಡಿಸ್ನಿ ಕಂಪನಿ ತಯಾರಿಸಿದ ಕಾರ್ಟೂನ್ ಚಿತ್ರ ಆ ಹೆಸರನ್ನು ಜಗತ್ತಿನ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸಿದೆ. 2019ರಲ್ಲಿ ಅದೇ ಕಥೆ ನಟರನ್ನಿಟ್ಟುಕೊಂಡು ಮತ್ತೆ ಬಂದಾಗಲೂ ಅಬು ಕೋತಿಯಾಗಿಯೇ ಉಳಿದ. ಆದರೆ ಈ ಅಬು ಮೊದಲು ಕೋತಿಯಾಗಿರಲಿಲ್ಲ, ಹುಡುಗನಾಗಿದ್ದ. ಆ ಪಾತ್ರ ಮಾಡಿದವನು ಇದೇ ಲಷ್ಕರಿನಿಂದ 70-80 ಕಿ.ಮೀ. ದೂರದ, ಹೆಗ್ಗಡದೇವನಕೋಟೆ ತಾಲೂಕಿನ ಕಾರಾಪುರದವನು. ಹೆಸರು ಸಾಬು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಹೆತ್ತವರನ್ನು ಎಳವೆಯಲ್ಲೇ ಕಳೆದುಕೊಂಡ ಹುಡುಗ ಆನೆಲಾಯದ ಆಸರೆಯಲ್ಲಿ ಬೆಳೆದ. ಮೈಸೂರಿನ ಆನೆಗಳನ್ನು ಸಾಕಿ ಪಳಗಿಸಿದವರಲ್ಲಿ ಮುಸ್ಲಿಮರೂ ಜೇನುಕುರುಬರೂ ತಲೆಮಾರುಗಳಿಂದ ಇದ್ದಾರೆ. ಜಂಬೂಸವಾರಿಯ ದಿನ ಜನ ಅಂಬಾರಿಗೆ ಕೈಮುಗಿಯುತ್ತಾರೆ, ಆನೆಯ ಹೆಸರು ಹಿಡಿದು ಕೂಗುತ್ತಾರೆ; ಅದರ ಕುತ್ತಿಗೆಯ ಮೇಲೆ ಕೂತವನ ಮುಖ ಯಾರಿಗೂ ನೆನಪಿರುವುದಿಲ್ಲ. ಅಂಥ ಒಂದು ಮುಖ ಲೋಕಕ್ಕೆಲ್ಲ ಪರಿಚಯವಾದದ್ದು ಆಕಸ್ಮಿಕ.

ಹೆಸರಿನಲ್ಲೇ ಒಂದು ಎಡವಟ್ಟಿದೆ. ಹೊರಗಿನವರು ಬರೆದ ಪುಸ್ತಕಗಳಲ್ಲಿ ಅವನು 'ಸಾಬು ದಸ್ತಗೀರ್'. ದಸ್ತಗೀರ್ ಎಂಬುದು ಅಣ್ಣನ ಹೆಸರು, ಶೇಖ್ ದಸ್ತಗೀರ್. ಬಾಗ್ದಾದಿನ ಸೂಫಿ ಸಂತ ಅಬ್ದುಲ್ ಖಾದಿರ್ ಜೀಲಾನಿಯವರ ಬಿರುದು ಅದು. ಪಾರಸಿಯಲ್ಲಿ 'ಕೈ ಹಿಡಿದವನು' ಎಂದರ್ಥ. ನಮ್ಮ ಮೊಹಲ್ಲಾಗಳಲ್ಲಿ ದಸ್ತಗೀರರಿಗೆ ಬರವಿಲ್ಲ. ತಮ್ಮನ ಕೈ ಹಿಡಿದು ಲಂಡನ್ನಿಗೆ ಹಡಗು ಹತ್ತಿದವನೂ ಈ ಅಣ್ಣನೇ. ಅಲ್ಲಿಯ ಕಾಗದಪತ್ರಗಳಲ್ಲಿ ಅವನ ಹೆಸರು ತಮ್ಮನಿಗೆ ಅಂಟಿಕೊಂಡಿತು. ಇನ್ನು 'ಸಾಬಿ', 'ಸಾಬರು' ಎಂಬ ಮಾತನ್ನು ಹಗುರವಾಗಿ ಆಡುವುದನ್ನೇ ಕೇಳಿ ಬೆಳೆದ ನಮ್ಮ ಕನ್ನಡ ಕಿವಿಗೆ, ದೂರದೂರುಗಳ ಚಿತ್ರಮಂದಿರಗಳಲ್ಲಿ 'ಸಾಬು' ಎಂಬ ಒಂಟಿ ಹೆಸರಿಗೆ ಜನ ಸಾಲುಗಟ್ಟಿದ್ದರೆಂಬುದು ಸೋಜಿಗವೇ ಸರಿ.

1935ರಲ್ಲಿ ಸಾಕ್ಷ್ಯಚಿತ್ರಗಳ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ರುಡ್ಯಾರ್ಡ್ ಕಿಪ್ಲಿಂಗನ 'ಜಂಗಲ್ ಬುಕ್'ನಲ್ಲಿ ತೂಮಾಯಿ ಎಂಬ ಮಾವುತನ ಮಗನ ಕಥೆಯಿದೆ. ಕಾಡಿನೊಳಗೆ ಆನೆಗಳು ಕುಣಿಯುವುದನ್ನು ಕಣ್ಣಾರೆ ಕಂಡ ಹುಡುಗ ಅವನು. ಆ ಕಥೆಗೆ ನಾಯಕನನ್ನು ಹುಡುಕುತ್ತಿದ್ದವರ ಕಣ್ಣಿಗೆ ಸಾಬು ಬಿದ್ದ. ನಾಲ್ವಡಿ ಕೃಷ್ಣರಾಜ ಒಡೆಯರು ಆನೆಗಳನ್ನು ಕೊಟ್ಟು ನೆರವಾದರು. ಲಷ್ಕರಿನಲ್ಲಿ ಆಗ ಸಂತ ಫಿಲೋಮಿನಾ ಚರ್ಚಿಗೆ ಇದೇ ದೊರೆ ಅಡಿಗಲ್ಲು ಹಾಕಿ ಎರಡು ವರ್ಷವಾಗಿತ್ತು. ಉಳಿದ ಭಾಗ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟನ್ ಕೋರ್ಡಾನ ಕೈಯಲ್ಲಿ ಮುಗಿಯಿತು. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡು ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು.

ಇಲ್ಲೊಂದು ಸಂಗತಿಯನ್ನು ನಾವು ಗಮನಿಸಬೇಕು. ಆನೆ ಹಿಡಿಸುವ 'ಪೀಟರ್ಸನ್ ಸಾಹಿಬ' ಕಿಪ್ಲಿಂಗನ ಆ ಕಥೆಯಲ್ಲಿ ಬರುತ್ತಾನೆ. ಅವನಿಗೆ ಮಾದರಿ ಜಿ.ಪಿ. ಸ್ಯಾಂಡರ್ಸನ್ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1874ರಲ್ಲಿ ಚಾಮರಾಜನಗರ ಸೀಮೆಯಲ್ಲಿ ಖೆಡ್ಡಾ ನಡೆಸಿ ಹೆಸರಾದವನು ಈತ. ಅಂದಮೇಲೆ ಕಥೆ ಮೈಸೂರು ಕಾಡಿನಿಂದ ಇಂಗ್ಲಿಷ್ ಪುಸ್ತಕಕ್ಕೆ ಹೋಗಿ, ಅರವತ್ತು ವರ್ಷಗಳ ನಂತರ ತನ್ನ ನಾಯಕನನ್ನು ಹುಡುಕಿಕೊಂಡು ಅದೇ ಕಾಡಿಗೆ ಮರಳಿತೆಂದು ಹೇಳಬಹುದು. ಸ್ಯಾಂಡರ್ಸನ್ನನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಅವನ ಖೆಡ್ಡಾಗಳಲ್ಲಿ ಪ್ರಾಣ ಒತ್ತೆಯಿಟ್ಟ ಮಾವುತರ ಹೆಸರುಗಳನ್ನು ಯಾರೂ ಅಷ್ಟು ಅಕ್ಕರೆಯಿಂದ ಬರೆದಿಡಲಿಲ್ಲ.

ಮುಂದಿನ ಚಿತ್ರ 'ದಿ ಡ್ರಮ್' (1938) ಬ್ರಿಟಿಷ್ ಸಾಮ್ರಾಜ್ಯದ ತುತ್ತೂರಿ. ವಾಯವ್ಯ ಗಡಿನಾಡಿನ ಮುಸ್ಲಿಮರನ್ನು ವಂಚಕರನ್ನಾಗಿ ತೋರಿಸಿದ್ದಕ್ಕೆ ಬೊಂಬಾಯಿಯಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಅದರಲ್ಲಿ ಬ್ರಿಟಿಷರಿಗೆ ನಿಷ್ಠನಾದ ರಾಜಕುಮಾರ ಅಜೀಮನ ವೇಷ ನಮ್ಮ ಹುಡುಗನದು. ಹದಿನಾಲ್ಕರ ಬಾಲಕನನ್ನು ಇದಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ.

'ಥೀಫ್ ಆಫ್ ಬಾಗ್ದಾದ್' (1940) ಬೇರೆಯೇ ಜಾತಿಯ ಚಿತ್ರ. ಇದೇ ಹೆಸರಿನ 1924ರ ಮೂಕಿಚಿತ್ರದಲ್ಲಿ ಕಳ್ಳನೇ ನಾಯಕ; ರಾಜಕುಮಾರಿಯನ್ನು ಗೆಲ್ಲುವವನೂ ಅವನೇ. ಹೊಸ ಚಿತ್ರದಲ್ಲಿ ಆ ಒಬ್ಬನನ್ನು ಸೀಳಿ ಇಬ್ಬರನ್ನಾಗಿ ಮಾಡಿದರು. ಪ್ರೇಮವೂ ಸಿಂಹಾಸನವೂ ಅಹ್ಮದನೆಂಬ ಅರಸನ ಪಾಲಿಗೆ. ಅರಸನ ವೇಷಕ್ಕೆ ಬಿಳಿಯ ನಟ. ಸಾಹಸವೆಲ್ಲ ಸಾಬು ಮಾಡಿದ ಅಬು ಎಂಬ ಪುಟ್ಟ ಕಳ್ಳನ ಪಾಲಿಗೆ. ವಜೀರ ಜಾಫರನ ಮಾಟಕ್ಕೆ ಅವನು ನಾಯಿಯಾಗುತ್ತಾನೆ, ಸೀಸೆಯಿಂದ ಹೊರಬಂದ ಭಾರೀ ಜಿನ್ನನನ್ನು ಮಾತಿನಲ್ಲೇ ಮರುಳು ಮಾಡಿ ಮತ್ತೆ ಸೀಸೆಗಿಳಿಸುತ್ತಾನೆ, ಹಾರುವ ಜಮಖಾನೆ ಹತ್ತಿ ಗೆಳೆಯನನ್ನು ಉಳಿಸುತ್ತಾನೆ. ಯುದ್ಧ ಶುರುವಾದ್ದರಿಂದ ಚಿತ್ರೀಕರಣ ಅಮೆರಿಕಕ್ಕೆ ಹೋಯಿತು, ಸಾಬುವೂ ಹೋದ. ಚಿತ್ರಕ್ಕೆ ಮೂರು ಆಸ್ಕರ್ ಬಂದವು. ಕೊನೆಯಲ್ಲಿ ಅರಸನು ಅಬುವನ್ನು ಶಾಲೆಗೆ ಕಳಿಸಿ ಓದಿಸಿ ವಜೀರನನ್ನಾಗಿ ಮಾಡುವೆನೆಂದು ಸಾರುತ್ತಾನೆ. ಶಾಲೆಯ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗ ಜಮಖಾನೆ ಏರಿ ಪರಾರಿ! ಮಕ್ಕಳು ಅವನನ್ನು ಮೆಚ್ಚದೆ ಇರಲು ಸಾಧ್ಯವೇ?

ಡಿಸ್ನಿಯವರು ಹೆಸರುಗಳನ್ನು ಎತ್ತಿಕೊಂಡದ್ದು ಇಲ್ಲಿಂದಲೇ. ದುಷ್ಟ ವಜೀರ ಜಾಫರ್ ಇಲ್ಲಿಯವನು. ಚರಿತ್ರೆಯ ಜಾಫರ್ ಬರ್ಮಕಿ ಹಾರೂನ್ ರಷೀದನ ನೆಚ್ಚಿನ ವಜೀರ, ವಿದ್ವಾಂಸರ ಪೋಷಕ. ಅರೇಬಿಯನ್ ಕಥೆಗಳಲ್ಲಿ ಖಲೀಫನೊಂದಿಗೆ ಮಾರುವೇಷದಲ್ಲಿ ಊರು ಸುತ್ತುವ ಸಂಗಾತಿ. 803ರಲ್ಲಿ ಖಲೀಫನೇ ಅವನ ತಲೆ ತೆಗೆಸಿದ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ನಂತರ ಸಿನಿಮಾದವರು ಅವನ ಹೆಸರನ್ನೂ ತೆಗೆದರು. ಅಲ್ಲಾವುದ್ದೀನನ ಹುಟ್ಟೂ ಸರಳವಲ್ಲ. 1709ರಲ್ಲಿ ಅಲೆಪ್ಪೋದ ಹನ್ನಾ ದಿಯಾಬ್ ಎಂಬ ಕ್ರೈಸ್ತ ಕಥೆಗಾರ ಪ್ಯಾರಿಸಿನಲ್ಲಿ ಫ್ರೆಂಚ್ ಅನುವಾದಕ ಗಲಾಂಗೆ ಹೇಳಿದ ಕಥೆಯದು. ಅದು ನಡೆಯುವುದು ಚೀನಾದಲ್ಲಿ. ಕಥೆಗಳು ಊರೂರು ಅಲೆಯುತ್ತವೆ, ಅದು ತಪ್ಪಲ್ಲ. ಆದರೆ ಅಲೆದಾಟದಲ್ಲಿ ಅರಸನು ಅರಸನಾಗಿಯೇ ಉಳಿದು, ಬುದ್ಧಿವಂತ ಹುಡುಗ ಮಾತ್ರ ಕೋತಿಯಾದದ್ದು ನಮ್ಮನ್ನು ಕಾಡುತ್ತದೆ.

1942ರಲ್ಲಿ ಸಾಬು ಮೌಗ್ಲಿಯಾದ. ತೋಳಗಳು ಸಾಕಿದ ಹುಡುಗ ಹಳ್ಳಿಗೆ ಬಂದು ಮನುಷ್ಯರ ದುರಾಸೆ ಕಂಡು ಕಾಡಿಗೆ ಮರಳುವ ಆ ಚಿತ್ರವನ್ನೂ ಜೋಲ್ಟನ್ ಕೋರ್ಡಾನೇ ತೆಗೆದ. ಮೌಗ್ಲಿಯ ಬಗ್ಗೆ ಹೆಚ್ಚಿನವರಿಗೆ ತಿಳಿಯದ ವಿಷಯವೊಂದಿದೆ. ಕಿಪ್ಲಿಂಗ್ ಮೌಗ್ಲಿಯ ಬಾಲ್ಯವನ್ನು ಮೊದಲು ಬರೆಯಲಿಲ್ಲ. 1893ರ 'ಇನ್ ದಿ ರುಖ್' ಕಥೆಯಲ್ಲಿ ಮೌಗ್ಲಿ ಬೆಳೆದ ಯುವಕ. ಅರಣ್ಯ ಇಲಾಖೆಯ ಕೆಲಸಕ್ಕೆ ಸೇರುತ್ತಾನೆ. ಅವನು ಮದುವೆಯಾಗುವುದು ಅರಣ್ಯಾಧಿಕಾರಿಯ ಬಟ್ಲರ್ ಅಬ್ದುಲ್ ಗಫೂರನ ಮಗಳನ್ನು. ಅಪ್ಪನ ಆಕ್ಷೇಪ, ರಂಪ ಎಲ್ಲ ಆಗುತ್ತದೆ. ಕೊನೆಗೆ ಅವರ ಕೂಸಿನೊಂದಿಗೆ ತೋಳಗಳಿರುತ್ತವೆ. ತೋಳದ ಗುಹೆಯ ಬಾಲ್ಯವನ್ನು ಹಿಂದಕ್ಕೆ ಹೋಗಿ ಕಟ್ಟಿದ್ದು ಆಮೇಲೆ. ಸಿನಿಮಾಗಳು ಬಾಲ್ಯವನ್ನು ಮತ್ತೆ ಮತ್ತೆ ತೋರಿಸುತ್ತವೆ. ಗಫೂರನ ಮಗಳು ಅವುಗಳಲ್ಲಿ ಕಾಣಿಸುವುದಿಲ್ಲ.

ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾದ. ಲಷ್ಕರ್ ಎಂದರೆ ಸೈನ್ಯ. ಮಾವುತನ ಮಗ ಅದನ್ನೂ ಸೇರಿ ಪೆಸಿಫಿಕ್ ರಣರಂಗದಲ್ಲಿ ಬಾಂಬರ್ ವಿಮಾನದ ಗನ್ನರನಾಗಿ ದುಡಿದು ಶೌರ್ಯಪದಕ ಪಡೆದ. ಹಿಂತಿರುಗಿದಾಗ ಹುಡುಗ ಗಂಡಸಾಗಿದ್ದ. ಹಾಲಿವುಡ್ಡಿಗೆ ಬೇಕಾಗಿದ್ದುದು ಹುಡುಗ. 'ಬ್ಲ್ಯಾಕ್ ನಾರ್ಸಿಸಸ್' (1947) ಬಿಟ್ಟರೆ ಹೇಳಿಕೊಳ್ಳುವಂಥದ್ದು ಬರಲಿಲ್ಲ. ಮೈಮೇಲೆ ಅಂಗಿಯಿಲ್ಲದ, ತಲೆಗೊಂದು ರುಮಾಲು ಸುತ್ತಿದ ಅದೇ ವೇಷ, ಕಾಡಿನ ಅಗ್ಗದ ಕಥೆಗಳು. ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನವನ್ನೂ ಕೊಟ್ಟ.

ಭಾರತದಲ್ಲಿ ಅವನಿಗೊಂದು ಅವಕಾಶ ಬಂದಿತ್ತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಆರಿಸಿದ್ದು ಸಾಬುವನ್ನು. ಕರೆಸಿ ಬೊಂಬಾಯಿಯ ಹೋಟೆಲಿನಲ್ಲಿ ಇಳಿಸಿದ್ದೂ ಆಯಿತು. ಚಿತ್ರೀಕರಣ ತಡವಾಯಿತು, ಕೆಲಸದ ಪರವಾನಗಿ ಸಿಗಲಿಲ್ಲ. ಕಾರಾಪುರದಲ್ಲಿ ಹುಟ್ಟಿದವನು ಬೊಂಬಾಯಿಯಲ್ಲಿ ವಿದೇಶಿ. ಪಾತ್ರ ಸುನಿಲ್ ದತ್ತರಿಗೆ ಹೋಯಿತು. 1957ರಲ್ಲಿ ಬಂದ ಆ ಚಿತ್ರದ ಉಳಿದ ಕಥೆ ಎಲ್ಲರಿಗೂ ಗೊತ್ತು. ಸಾಬು ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ. ಕೈ ಹಿಡಿದು ಕರೆದೊಯ್ದ ಅಣ್ಣ ದಸ್ತಗೀರ್ 1960ರಲ್ಲಿ ದರೋಡೆಕೋರರ ಕೈಯಲ್ಲಿ ಸತ್ತ. ಮೂರು ವರ್ಷಗಳ ನಂತರ, 1963ರ ಡಿಸೆಂಬರ್ 2ರಂದು, ಹೃದಯಾಘಾತ ಸಾಬುವನ್ನೂ ಒಯ್ದಿತು. ವಯಸ್ಸು 39. ಅವನ ಕೊನೆಯ ಚಿತ್ರ ಮರುವರ್ಷ ತೆರೆಗೆ ಬಂತು. ಅದನ್ನು ತಯಾರಿಸಿದ್ದು ಡಿಸ್ನಿ ಕಂಪನಿ.