ವಲಸೆಗಾರರ ಮಕ್ಕಳೂ ಇಂಗ್ಲಿಷ್ ವಿದ್ಯೆಯೂ

ಪರದೇಶಕ್ಕೆ ಹೋಗಿ ನೆಲಸಿದವರ ಮಕ್ಕಳು ಆ ನಾಡಿನ ಶಾಲೆಯಲ್ಲಿ ಎರಡು ಬಾಗಿಲುಗಳನ್ನು ದಾಟಬೇಕಾಗುತ್ತದೆ. ಒಂದು ಕಟ್ಟಡದ ಬಾಗಿಲು. ಇನ್ನೊಂದು ಭಾಷೆಯ ಬಾಗಿಲು. ಮೊದಲನೆಯದು ತೆರೆದ ಮಾತ್ರಕ್ಕೆ ಎರಡನೆಯದೂ ತೆರೆಯಿತೆಂದು ಭಾವಿಸಲಾಗದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೀನೀ ಮಕ್ಕಳ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತ ಮೇಲೆ ದಕ್ಷಿಣ ಚೀನದ ಜನರು ಅಲ್ಲಿಗೆ ಗುಂಪುಗುಂಪಾಗಿ ಹೋದರು; ಗಣಿಗಳಲ್ಲಿಯೂ ರೈಲುಮಾರ್ಗದ ಕೆಲಸದಲ್ಲಿಯೂ ದುಡಿದರು. ಅವರ ದುಡಿಮೆಯನ್ನು ಬಯಸಿದವರು ಅವರ ನೆರೆಯನ್ನು ಬಯಸಲಿಲ್ಲ. 1882ರಲ್ಲಿ ಚೀನೀ ಕೂಲಿಗಾರರು ದೇಶದೊಳಕ್ಕೆ ಬಾರದಂತೆ ಶಾಸನವಾಯಿತು.

1884ರಲ್ಲಿ ಮೇಮಿ ಟೇಪ್ ಎಂಬ ಎಂಟು ವರ್ಷದ ಬಾಲಿಕೆಯನ್ನು ತಂದೆತಾಯಿಗಳು ಸ್ಪ್ರಿಂಗ್ ವ್ಯಾಲಿ ಶಾಲೆಗೆ ಸೇರಿಸಹೋದರು. ಅವಳು ಅಮೆರಿಕದಲ್ಲಿಯೇ ಹುಟ್ಟಿದವಳು. ಮನೆಯ ಮಾತೂ ಇಂಗ್ಲಿಷೇ. ಆದರೂ ಚೀನೀ ಕುಲದವಳೆಂಬ ಒಂದೇ ಕಾರಣದಿಂದ ಅವಳಿಗೆ ಪ್ರವೇಶ ದೊರೆಯಲಿಲ್ಲ. ತಂದೆತಾಯಿಗಳು ನ್ಯಾಯಸ್ಥಾನಕ್ಕೆ ಹೋದರು. 1885ರ ಮಾರ್ಚಿಯಲ್ಲಿ ಆ ರಾಜ್ಯದ ಶ್ರೇಷ್ಠ ನ್ಯಾಯಾಲಯವು ಬಾಲಿಕೆಯ ಪಕ್ಷವನ್ನೇ ಎತ್ತಿಹಿಡಿಯಿತು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಶಾಸನಸಭೆಯು ಚೀನೀಯರಿಗೆ ಬೇರೆ ಶಾಲೆಗಳನ್ನು ಏರ್ಪಡಿಸಲು ಅನುಮತಿಯಿತ್ತಿತು. ತಾಯಿ ಮೇರಿ ಟೇಪ್ ಅಧಿಕಾರಿಗಳಿಗೆ ಕಟುವಾದ ಕಾಗದವನ್ನೇ ಬರೆದಳು. ಕೊನೆಗೆ ಮಗಳು ಆ ಪ್ರತ್ಯೇಕ ಶಾಲೆಗೇ ಹೋಗಬೇಕಾಯಿತು.

1882ರ ಶಾಸನವು 1943ರಲ್ಲಿ ರದ್ದಾಯಿತು. 1965ರ ಹೊಸ ಶಾಸನದಿಂದ ವಲಸೆಯ ಹಾದಿ ಸುಗಮವಾಗಿ, ಚೀನೀ ಕುಟುಂಬಗಳು ಮತ್ತೆ ಬರತೊಡಗಿದವು. ಈಗ ಶಾಲೆಯು ಮಕ್ಕಳನ್ನು ತಡೆಯಲಿಲ್ಲ. ಬಾರದಿದ್ದರೆ ಬಿಡುತ್ತಲೂ ಇರಲಿಲ್ಲ, ಏಕೆಂದರೆ ವಿದ್ಯಾಭ್ಯಾಸ ಕಡ್ಡಾಯವಾಗಿತ್ತು. ಇಂಗ್ಲಿಷಿನಲ್ಲಿ ಸಾಮರ್ಥ್ಯವಿಲ್ಲದವರಿಗೆ ಪ್ರೌಢಶಾಲೆಯ ಪ್ರಶಸ್ತಿಪತ್ರವಿಲ್ಲವೆಂಬ ನಿಯಮವೂ ಇತ್ತು. ಆದರೆ ಆ ಇಂಗ್ಲಿಷನ್ನು ಕಲಿಸುವ ಹೊಣೆ ಮಾತ್ರ ಯಾರದೂ ಆಗಿರಲಿಲ್ಲ. ಇಂಗ್ಲಿಷರಿಯದ 2,856 ಚೀನೀ ಮಕ್ಕಳಲ್ಲಿ ಸುಮಾರು 1,000 ಮಂದಿಗೆ ವಿಶೇಷ ಪಾಠ ದೊರೆಯುತ್ತಿತ್ತು. ಉಳಿದ ಸುಮಾರು 1,800 ಮಕ್ಕಳು ತಿಳಿಯದ ಪಾಠದ ಮುಂದೆ ಮೂಕರಂತೆ ಕುಳಿತಿರುತ್ತಿದ್ದರು. ಇಂಥ ಮನೆಗಳಲ್ಲಿ ಅಂಗಡಿ, ಕಚೇರಿ, ಆಸ್ಪತ್ರೆಗಳಲ್ಲಿ ತಂದೆತಾಯಿಗಳ ಪರವಾಗಿ ಮಾತನಾಡಬೇಕಾದವರೂ ಮಕ್ಕಳೇ. ಆದುದರಿಂದ ಮಗುವು ಹಿಂದೆ ಬಿದ್ದರೆ ಸಂಸಾರವೇ ಹಿಂದೆ ಬಿದ್ದಂತೆ.

ಈ ಮಕ್ಕಳ ಪರವಾಗಿ ‘ಲೌ ವಿರುದ್ಧ ನಿಕೋಲ್ಸ್’ ಎಂಬ ವ್ಯಾಜ್ಯ ಹೂಡಲಾಯಿತು. ಕೆಳಗಿನ ನ್ಯಾಯಾಲಯಗಳು ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಪಾಠವನ್ನು ಹೇಳುತ್ತಿರುವಾಗ ಭೇದವೆಲ್ಲಿಯದು, ಮಕ್ಕಳು ಮನೆಯಿಂದ ತಂದ ಕೊರತೆಗೆ ಶಾಲೆ ಹೊಣೆಯಲ್ಲ ಎಂಬುದು ಅವುಗಳ ವಾದ. ದೇಶದ ಪರಮೋಚ್ಚ ನ್ಯಾಯಾಲಯವು 1974ರ ಜನವರಿ 21ರಂದು ಈ ವಾದವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಾಸರು ಬರೆದ ತೀರ್ಪಿನ ತಾತ್ಪರ್ಯವಿಷ್ಟು: ಪುಸ್ತಕ, ಉಪಾಧ್ಯಾಯ, ಪಾಠಕ್ರಮಗಳು ಒಂದೇ ಆದ ಮಾತ್ರಕ್ಕೆ ಸಮಾನತೆಯಾಗದು, ಭಾಷೆ ತಿಳಿಯದವನಿಗೆ ಆ ಪಾಠ ಇದ್ದೂ ಇಲ್ಲದಂತೆಯೇ. ಸರಕಾರದ ಹಣ ಪಡೆಯುವ ಸಂಸ್ಥೆಗಳು ಭೇದವೆಣಿಸಬಾರದೆಂಬ 1964ರ ಪೌರಹಕ್ಕುಗಳ ಶಾಸನವೇ ಇದಕ್ಕೆ ಆಧಾರವಾಯಿತು.

ಆದರೆ ಕಲಿಸುವ ಕ್ರಮವನ್ನು ನ್ಯಾಯಾಲಯವು ವಿಧಿಸಲಿಲ್ಲ. ಮೊದಲು ಇಂಗ್ಲಿಷನ್ನೇ ಕಲಿಸಬೇಕೋ, ಮಾತೃಭಾಷೆಯ ಮೂಲಕ ಪಾಠ ಹೇಳುತ್ತ ಇಂಗ್ಲಿಷಿಗೆ ಕೊಂಡೊಯ್ಯಬೇಕೋ ಎಂಬ ಚರ್ಚೆ ಮುಂದುವರಿಯಿತು. ಕ್ಯಾಲಿಫೋರ್ನಿಯದ ಮತದಾರರು 1998ರಲ್ಲಿ ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ನಿರ್ಬಂಧಿಸಿ, 2016ರಲ್ಲಿ ಆ ನಿರ್ಬಂಧವನ್ನು ಸಡಿಲಿಸಿದರು.

ಮೇಮಿಗೆ ಭಾಷೆಯಿದ್ದರೂ ಶಾಲೆ ದೊರೆಯಲಿಲ್ಲ. ಮುಂದಿನವರಿಗೆ ಶಾಲೆ ದೊರೆತರೂ ಭಾಷೆ ದೊರೆಯಲಿಲ್ಲ. ಮಗುವನ್ನು ಒಳಗೆ ಕರೆದ ಮೇಲೆ ಅದಕ್ಕೆ ಅರ್ಥವಾಗುವಂತೆ ಕಲಿಸುವುದು ದಯೆಯಲ್ಲ, ಕರ್ತವ್ಯವೆಂಬುದನ್ನು ಸ್ಥಾಪಿಸಲು ಸುಮಾರು ತೊಂಬತ್ತು ವರ್ಷಗಳೇ ಬೇಕಾದವು.