ಗೇರ್‌ಬಾಕ್ಸ್ ಇಳಿಸುವ ಮುನ್ನ ವೈರು ನೋಡಿ: ಆಟೋಮ್ಯಾಟಿಕ್ ಲಾರಿಗಳ ವಿದ್ಯುತ್ ದೋಷ

ಕ್ವಾರಿಯ ಏರಿನಲ್ಲಿ ಲೋಡು ತುಂಬಿದ ಟಿಪ್ಪರ್ ನಿಂತುಬಿಡುತ್ತದೆ. ಗೇರ್ ಬದಲಾಗುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತದೆ. ಗ್ಯಾರೇಜಿಗೆ ಎಳೆದು ತಂದರೆ ‘ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು’ ಎಂಬ ಮಾತು. ತಿಂಗಳ ಕಂತು ಕಟ್ಟುವ ಮಾಲೀಕನ ಜೀವ ಅಲ್ಲಿಗೇ ಹಾರಿಹೋಗುತ್ತದೆ. ಸಾಲ ಮಾಡಿ ಗೇರ್‌ಬಾಕ್ಸ್ ಬಿಚ್ಚಿಸಿ, ಕೂರಿಸಿ, ಮತ್ತೆ ಅದೇ ಏರಿಗೆ ಹೋದಾಗ ಅದೇ ದೀಪ ಉರಿದರೆ ಯಾರನ್ನು ಕೇಳುವುದು? ದೋಷ ಇದ್ದದ್ದು ಹಲ್ಲುಚಕ್ರದಲ್ಲಲ್ಲ, ಚಾಸಿಗೆ ಬಿಗಿದ ಒಂದು ಅರ್ತ್ ವೈರಿನಲ್ಲಿ ಎಂದು ಆಮೇಲೆ ತಿಳಿಯುವುದು ಅಪರೂಪವೇನಲ್ಲ.

ಕ್ಲಚ್ ಪೆಡಲ್ ಇಲ್ಲದ ಲಾರಿ ಈಗ ನಮ್ಮ ಗಡಿ ಸೀಮೆಗೂ ಹೊಸದಲ್ಲ. ವೋಲ್ವೋ ಕಂಪನಿ 1998ರಲ್ಲಿ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಲಾರಿ ತಯಾರಿ ಆರಂಭಿಸಿತು. ಅದರ ‘ಐ-ಶಿಫ್ಟ್’ ಗೇರ್‌ಬಾಕ್ಸ್ 2001ರಲ್ಲಿ ಹೊರಬಂತು. ಪೂರ್ಣ ಆಟೋಮ್ಯಾಟಿಕ್ ತಯಾರಿಸುವ ಅಲಿಸನ್ ಕಂಪನಿಯ ಕಾರ್ಖಾನೆ ಚೆನ್ನೈ ಬಳಿಯ ಒರಗಡಂನಲ್ಲಿದೆ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲಂತೂ ಲಾರಿಯ ಒಳಗಿನ ವೈರು, ಸೆನ್ಸರ್‌ಗಳ ಸಂಖ್ಯೆ ಬೆಳೆದಿದೆ. ಹೊಸೂರಿನಲ್ಲಾಗಲಿ ಸೊಲ್ಲಾಪುರದಲ್ಲಾಗಲಿ, ಸ್ಪ್ಯಾನರ್ ಹಿಡಿಯುವ ಮೇಸ್ತ್ರಿ ಬೇಗ ಸಿಗುತ್ತಾನೆ, ಮೀಟರ್ ಹಿಡಿದು ಕೂರುವವನು ಸಿಗುವುದು ಕಷ್ಟ.

ಎರಡು ಬಗೆಯನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಒಂದು ಟಾರ್ಕ್ ಕನ್ವರ್ಟರ್ ಇರುವುದು. ಅದರಲ್ಲಿ ಎಣ್ಣೆಯ ಒತ್ತಡವೇ ಗೇರ್ ಹಾಕುತ್ತದೆ. ಇನ್ನೊಂದು ಎ.ಎಂ.ಟಿ.; ಅದು ಮಾಮೂಲಿ ಗೇರ್‌ಬಾಕ್ಸೇ, ಆದರೆ ಚಾಲಕನ ಕೈಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ. ದೊಡ್ಡ ಲಾರಿಗಳಲ್ಲಿ ಇದಕ್ಕೆ ಹೆಚ್ಚಾಗಿ ಬ್ರೇಕಿನ ಗಾಳಿಯನ್ನೇ ಬಳಸುತ್ತಾರೆ. ಹೀಗಾಗಿ ಗಾಳಿ ಸೋರಿದರೂ ಗೇರ್ ಬೀಳುವುದಿಲ್ಲ. ಎರಡರಲ್ಲೂ ತೀರ್ಮಾನ ಮಾಡುವುದು ಒಂದು ಕಂಟ್ರೋಲ್ ಯೂನಿಟ್. ಸೆನ್ಸರ್‌ಗಳು ವೇಗ, ಬಿಸಿ, ಲಿವರಿನ ಸ್ಥಾನ ಇವನ್ನು ತಿಳಿಸುತ್ತವೆ. ಯೂನಿಟ್ ಲೆಕ್ಕ ಹಾಕಿ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಕ್ಕೆ ಕರೆಂಟು ಕೊಡುತ್ತದೆ. ಈ ಸರಪಳಿಯಲ್ಲಿ ಎಲ್ಲಿ ತುಂಡಾದರೂ ಚಾಲಕನಿಗೆ ಕಾಣುವುದು ಒಂದೇ: ‘ಗೇರ್ ಬೀಳ್ತಿಲ್ಲ’.

ಯೂನಿಟ್‌ಗೆ ಅನುಮಾನ ಬಂದರೆ ಅದು ಗಾಡಿಯನ್ನು ರಕ್ಷಣಾ ಸ್ಥಿತಿಗೆ ತಳ್ಳುತ್ತದೆ. ಗ್ಯಾರೇಜಿನವರು ಇದನ್ನು ‘ಲಿಂಪ್ ಮೋಡ್’ ಎನ್ನುತ್ತಾರೆ, ಕುಂಟುತ್ತಾ ಮನೆ ಸೇರುವ ಸ್ಥಿತಿ. ಅಮೆರಿಕದ ಷೆವರ್ಲೆ ಪಿಕಪ್‌ಗಳಲ್ಲಿ ಬರುತ್ತಿದ್ದ 4ಎಲ್60-ಇ ಗೇರ್‌ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಕಾಸರಗೋಡಿನಿಂದ ಗಲ್ಫ್‌ಗೆ ಹೋಗಿ ಪಿಕಪ್ ಓಡಿಸಿದವರು ಈ ಬಗೆಯ ಗಾಡಿಯನ್ನು ಕಂಡಿರಬಹುದು. ಅದರ ಎರಡು ಶಿಫ್ಟ್ ಸೊಲೆನಾಯ್ಡ್‌ಗಳಿಗೂ ಕರೆಂಟು ಇದ್ದರೆ ಒಂದನೇ ಗೇರ್. ಮೊದಲನೆಯದರ ಕರೆಂಟು ನಿಂತರೆ ಎರಡನೇ ಗೇರ್. ಎರಡಕ್ಕೂ ಕರೆಂಟು ಇಲ್ಲದಿದ್ದರೆ ಮೂರನೇ ಗೇರ್. ಅಂದರೆ ಫ್ಯೂಸ್ ಹಾರಿದರೆ ಗಾಡಿ ನಿಂತಲ್ಲಿಂದಲೇ ಮೂರನೇ ಗೇರಿನಲ್ಲಿ ಹೊರಡುತ್ತದೆ, ಎಳೆಯಲು ಒದ್ದಾಡುತ್ತದೆ. ರಿವರ್ಸ್ ಮಾತ್ರ ಎಂದಿನಂತೆ ಬೀಳುತ್ತದೆ. ಎಣ್ಣೆಯ ಒತ್ತಡ ಗರಿಷ್ಠಕ್ಕೆ ಏರಿ ಲಿವರ್ ಹಾಕಿದಾಗ ಧಡ್ ಎಂದು ಬಡಿಯುತ್ತದೆ. ಮುಂದಕ್ಕೆ ಒಂದೇ ಗೇರು, ರಿವರ್ಸ್ ಸರಿ, ಬಡಿತ ಜೋರು: ಈ ಮೂರೂ ಒಟ್ಟಿಗೆ ಕಂಡರೆ ಮೊದಲ ಅನುಮಾನ ಕರೆಂಟಿನ ಮೇಲೆ ಹೋಗಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ, ಎಲ್ಲ ಗೇರಿನಲ್ಲೂ ಎಂಜಿನ್ ಕೂಗಿ ಗಾಡಿ ಎಳೆಯದಿದ್ದರೆ ಅದು ಬೇರೆ ಕಥೆ. ಆಗ ಗೇರ್‌ಬಾಕ್ಸ್ ಇಳಿಸಲೇಬೇಕಾಗಬಹುದು.

ಹುಡುಕಾಟ ಶುರುವಾಗಬೇಕಾದ್ದು ಬ್ಯಾಟರಿಯಿಂದ. ನಮ್ಮ ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಪೂರ್ತಿ ಚಾರ್ಜ್ ಆದ ಒಂದೊಂದೂ ಸುಮಾರು 12.6 ವೋಲ್ಟ್ ತೋರಿಸಬೇಕು, ಎರಡೂ ಸೇರಿ 25.2. ಎಂಜಿನ್ ಓಡುವಾಗ 28ರ ಆಸುಪಾಸು ಇರಬೇಕು. ಎರಡು ಬ್ಯಾಟರಿಗಳ ನಡುವೆ ಅರ್ಧ ವೋಲ್ಟ್ ವ್ಯತ್ಯಾಸ ಕಂಡರೆ, ಯಾರೋ ಟೇಪ್ ರೆಕಾರ್ಡರಿಗೋ ಫ್ಯಾನಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದಾರೆಂದು ಶಂಕಿಸಬೇಕು. ಹಾಡು ಬೇಕು, ಸರಿ. ಅದಕ್ಕೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ. ವೋಲ್ಟೇಜ್ ಕುಸಿದರೆ ಕಂಟ್ರೋಲ್ ಯೂನಿಟ್ ತಲೆಕೆಟ್ಟಂತೆ ವರ್ತಿಸುತ್ತದೆ, ಸಂಬಂಧವೇ ಇಲ್ಲದ ನಾಲ್ಕಾರು ಕೋಡುಗಳನ್ನು ಬರೆದಿಡುತ್ತದೆ.

ಎರಡನೆಯದು ಅರ್ತ್. ಕಣ್ಣಿಗೆ ಗಟ್ಟಿಯಾಗಿ ಕಾಣುವ ಅರ್ತ್ ಪಟ್ಟಿಯ ಕೆಳಗೆ ತುಕ್ಕು ಕೂತಿರುತ್ತದೆ. ಇದನ್ನು ಓಮ್ ಅಳೆದು ಹಿಡಿಯುವುದು ಕಷ್ಟ. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ‘ಸರಿ’ ಎನ್ನುತ್ತದೆ. ಕರೆಂಟು ಹರಿಯುವಾಗಲೇ ಅಳೆಯಬೇಕು. ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಗೇರ್‌ಬಾಕ್ಸಿನ ಬರಿ ಲೋಹಕ್ಕೆ ತಾಗಿಸಿ. ಎಂಜಿನ್ ಓಡುತ್ತಾ, ದೀಪಗಳೆಲ್ಲ ಉರಿಯುತ್ತಿರುವಾಗ 0.1, ಹೆಚ್ಚೆಂದರೆ 0.2 ವೋಲ್ಟ್ ತೋರಿಸಬೇಕು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಸ್ಟಾರ್ಟರ್ ತಿರುಗುವಾಗ ಅರ್ಧ ವೋಲ್ಟ್ ದಾಟಿದರೆ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿಯುವುದೇ ಮೊದಲ ಕೆಲಸ. ಖರ್ಚು ಒಂದು ಉಪ್ಪುಕಾಗದ.

ಮೂರನೆಯದಾಗಿ ಕನೆಕ್ಟರ್. ವಾಟರ್ ಸರ್ವಿಸ್ ಮಾಡುವ ಹುಡುಗರು ಗೇರ್‌ಬಾಕ್ಸಿಗೆ ಹತ್ತಿರದಿಂದ ನೀರು ಹೊಡೆದಾಗ ರಬ್ಬರ್ ಸೀಲು ದಾಟಿ ನೀರು ಒಳಗೆ ಹೋಗುತ್ತದೆ. ನಾಲ್ಕು ವಾರದಲ್ಲಿ ಪಿನ್ನು ಹಸಿರಾಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಒಳಗಿನಿಂದ ಕನೆಕ್ಟರಿಗೆ ಇಳಿಯುವುದೂ ಉಂಟು. ಗಾಡಿ ನಿಲ್ಲಿಸಿ, ಇಗ್ನಿಷನ್ ಆನ್ ಇಟ್ಟು, ಒಬ್ಬರು ಮೀಟರ್ ಅಥವಾ ಸ್ಕ್ಯಾನರ್ ನೋಡುತ್ತಿರುವಾಗ ಇನ್ನೊಬ್ಬರು ವೈರಿನ ಕಟ್ಟನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಹೋಗಬೇಕು. ಅಂಕಿ ಜಿಗಿದಲ್ಲಿ ದೋಷ ಸಿಗುತ್ತದೆ. ವೈರಿನ ಹೊದಿಕೆಗೆ ಸೂಜಿ ಚುಚ್ಚಿ ನೋಡುವ ಅಭ್ಯಾಸ ಬಿಡುವುದು ಒಳ್ಳೆಯದು. ಆ ತೂತಿನಿಂದಲೇ ಮುಂದಿನ ಮಳೆಗಾಲಕ್ಕೆ ನೀರು ಇಳಿಯುತ್ತದೆ. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಕಂಟ್ರೋಲ್ ಯೂನಿಟ್ಟಿನ ವೈರಿಗೆ ಹಚ್ಚಲೇಬಾರದು. ಆ ಬಲ್ಬು ಎಳೆಯುವ ಕರೆಂಟು ಯೂನಿಟ್ಟನ್ನೇ ಸುಡಬಹುದು.

ಬಿಸಿಯಾದಾಗ ಮಾತ್ರ ಬರುವ ದೋಷ ಎಲ್ಲರನ್ನೂ ಸತಾಯಿಸುತ್ತದೆ. ಬೆಳಿಗ್ಗೆ ಸರಿ, ಹತ್ತು ಕಿಲೋಮೀಟರ್ ಓಡಿದ ಮೇಲೆ ಕುಂಟು. ಗ್ಯಾರೇಜು ಮುಟ್ಟುವಷ್ಟರಲ್ಲಿ ತಣ್ಣಗಾಗಿ ಮತ್ತೆ ಸರಿ. ಸೊಲೆನಾಯ್ಡ್ ಒಳಗೆ ತಾಮ್ರದ ಸುರುಳಿ ಇದೆ. ತಾಮ್ರ ಬಿಸಿಯಾದಂತೆ ಅದರ ತಡೆ ಏರುವುದು ಸಹಜ: 20 ಡಿಗ್ರಿಯಲ್ಲಿ 20 ಓಮ್ ಇದ್ದದ್ದು 100 ಡಿಗ್ರಿಯಲ್ಲಿ ಸುಮಾರು 26 ಆಗುತ್ತದೆ. ಇದು ದೋಷವಲ್ಲ. ಆದರೆ ಬಿಸಿಯಲ್ಲಿ ಸುರುಳಿ ಪೂರ್ತಿ ತೆರೆದುಕೊಂಡರೆ, ಅಥವಾ ಕಂಪನಿ ಪುಸ್ತಕದ ಮಿತಿ ಮೀರಿದರೆ, ಸೊಲೆನಾಯ್ಡ್ ಬದಲಿಸಬೇಕು. ಹಾಗಾಗಿ ಬಿಸಿ ಇರುವಾಗಲೇ ಅಳೆಯಿರಿ ಎಂದು ಮೇಸ್ತ್ರಿಗೆ ಹೇಳಿ.

ವೇಗದ ಸೆನ್ಸರ್ ಎರಡು ವೈರಿನದಾಗಿದ್ದರೆ ಸಾಮಾನ್ಯವಾಗಿ ಅದು ಅಯಸ್ಕಾಂತದ್ದು. ಚಕ್ರ ತಿರುಗಿದಾಗ ತಾನೇ ಎ.ಸಿ. ವೋಲ್ಟೇಜ್ ಹುಟ್ಟಿಸುತ್ತದೆ. ತುದಿಗೆ ಕಬ್ಬಿಣದ ಪುಡಿ ಅಂಟಿದರೆ ಸಂಕೇತ ಕೆಡುತ್ತದೆ. ಮೂರು ವೈರಿನದಾದರೆ ಅದಕ್ಕೆ ಹೊರಗಿನಿಂದ ಕರೆಂಟು ಬೇಕು. ಮೊದಲು ಅದು ಬರುತ್ತಿದೆಯೇ ನೋಡಬೇಕು.

ಎಂಜಿನ್, ಬ್ರೇಕ್, ಗೇರ್ ಯೂನಿಟ್‌ಗಳು ಪರಸ್ಪರ ಮಾತಾಡುವುದು ಹೆಣೆದ ಎರಡು ವೈರಿನ ಮೂಲಕ, ಅದಕ್ಕೆ ಕ್ಯಾನ್ ಎಂದು ಹೆಸರು. ಎರಡೂ ತುದಿಗೆ 120 ಓಮಿನ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ ಎರಡು ವೈರುಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ತುಂಡಾಗಿದೆ. ಸೊನ್ನೆಗೆ ಹತ್ತಿರವಿದ್ದರೆ ವೈರುಗಳು ಒಂದಕ್ಕೊಂದು ತಾಗಿವೆ. ಇಲಿ ಕಡಿದ ಗಾಡಿಗಳಲ್ಲಿ ಈ ಒಂದು ಅಳತೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಸ್ಕ್ಯಾನರ್ ತೋರಿಸುವ ಕೋಡನ್ನು ಓದುವುದರಲ್ಲೇ ಹೆಚ್ಚು ತಪ್ಪಾಗುವುದು. ಪಿಕಪ್‌ಗಳಲ್ಲಿ ಪಿ 0700 ಎಂದರೆ ‘ಗೇರ್ ಯೂನಿಟ್ಟಿನಲ್ಲಿ ದೂರು ಇದೆ’ ಎಂದಷ್ಟೇ. ಪಿ 0720 ಔಟ್‌ಪುಟ್ ವೇಗ ಸೆನ್ಸರಿನದು, ಪಿ 0753 ಮೊದಲ ಶಿಫ್ಟ್ ಸೊಲೆನಾಯ್ಡಿನ ವಿದ್ಯುತ್ ದೋಷ, ಪಿ 0562 ವೋಲ್ಟೇಜ್ ಕಡಿಮೆ. ದೊಡ್ಡ ಲಾರಿಗಳಲ್ಲಿ ಎರಡು ಅಂಕಿಗಳು ಬರುತ್ತವೆ: ಎಸ್.ಪಿ.ಎನ್. ಯಾವ ಭಾಗ ಎನ್ನುತ್ತದೆ, ಎಫ್.ಎಂ.ಐ. ಯಾವ ಬಗೆಯ ದೋಷ ಎನ್ನುತ್ತದೆ. ಎಫ್.ಎಂ.ಐ. 3 ಅಂದರೆ ವೋಲ್ಟೇಜ್ ಹೆಚ್ಚು, 4 ಅಂದರೆ ಕಡಿಮೆ, 5 ವೈರು ತುಂಡು, 6 ಅರ್ತಿಗೆ ತಾಗಿ ಕರೆಂಟು ಹೆಚ್ಚು. ಈ ನಾಲ್ಕೂ ಕರೆಂಟಿನವು. 7 ಬಂದರೆ ಯಂತ್ರಭಾಗವೇ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರ್ಥ. ಕೋಡ್ ಸೆನ್ಸರಿನ ಹೆಸರು ಹೇಳಿದಾಕ್ಷಣ ಸೆನ್ಸರ್ ಬದಲಿಸುವುದು ದುಡ್ಡು ಕಳೆಯುವ ದಾರಿ. ಕೋಡ್ ಹೇಳುವುದು ಆ ದಾರಿಯಲ್ಲಿ ದೋಷವಿದೆ ಎಂದಷ್ಟೇ, ದಾರಿಯಲ್ಲಿ ವೈರೂ ಇದೆ, ಕನೆಕ್ಟರೂ ಇದೆ. ಅಳಿಸುವ ಮುನ್ನ ಎಲ್ಲ ಕೋಡುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಂಧ್ರದ ಗ್ಯಾರೇಜಿನಲ್ಲಿ ಅಳಿಸಿದ ಕೋಡನ್ನು ಬಳ್ಳಾರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಟಿಪ್ಪರ್ ಮಾಲೀಕರು ಇನ್ನೊಂದು ಗಮನಿಸಬೇಕು. ಬಾಡಿ ಸೀಳಿತೆಂದು ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ತುದಿ ಬಿಚ್ಚಿ, ಕಂಟ್ರೋಲ್ ಯೂನಿಟ್‌ಗಳ ಕನೆಕ್ಟರ್ ತೆಗೆಸಿ. ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ಕ್ಲಾಂಪು ದೂರದಲ್ಲಿದ್ದರೆ ಆ ಕರೆಂಟು ಯೂನಿಟ್ಟಿನ ಮೂಲಕ ದಾರಿ ಹುಡುಕಿಕೊಳ್ಳಬಹುದು, ಗೇರ್ ಸಮಸ್ಯೆ ಮರುದಿನ ಬೆಳಿಗ್ಗೆ ಹೊರಡುವಾಗ ಕಾಣಿಸಿಕೊಳ್ಳುತ್ತದೆ.